ಕಾರೆನ್ ಅವರ ಕುರ್ಚಿಗೆ ಕಾಕಾನ ನವಾರು

ಡೆನ್ಮಾರ್ಕಿಗೆ ಹೋಗಿ ಬಂದ ಮೇಲೆ ನಮ್ಮ ಬಬಲೇಶ್ವರದ ಓಣಿಯವರು ಕೇಳಿದ್ದು ಒಂದೇ ಪ್ರಶ್ನೆ: "ಏನೇನ್ ನೋಡ್ಕೊಂಡ್ ಬಂದ್ರಿ?" ನಾನು ತಾರೀಖು ಹಾಕಿ ದಿನಚರಿ ಬರೆಯುವವಳು. ತೆಗೆದು ನೋಡಿ ಹೇಳಿದೆ: ಅರಮನೆ ಸೊನ್ನೆ, ಮ್ಯೂಸಿಯಂ ಸೊನ್ನೆ, ಸಮುದ್ರ ಎರಡು ಸಲ, ಕುರ್ಚಿ ಒಂದು. ಕೇಳಿದವರು ನಕ್ಕರು. ಎದುರು ಮನೆಯ ಅಜ್ಜಿಯಂತೂ, "ಖುರ್ಚಿ ನೋಡಾಕ ಇಮಾನ ಹತ್ತಿದ್ರೇನ ಬೇ?" ಎಂದಳು. ಹೌದು, ಅದಕ್ಕೇ ಹತ್ತಿದ್ದೆವು.

ತಿಕೋಟಾ, ಸೆಪ್ಟೆಂಬರ್ 4, ಗುರುವಾರ

ಸಂಗಪ್ಪ ಕಾಕಾ ನನ್ನ ತಂದೆಯ ತಮ್ಮ. ಅವನ ಶೆಡ್ಡು ತಿಕೋಟಾದಲ್ಲಿ, ಅಂಗಡಿ ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರ. ಅಂಗಡಿಯ ಲೆಕ್ಕಪತ್ರ ನನ್ನದು. ಹೊರಸು, ಬೆಂಚು, ಕುರ್ಚಿಗಳಿಗೆ ನವಾರು ಹೆಣೆಯುವುದು ಕಾಕಾನ ಕಸುಬು. ಅಂಗೈ ಅಗಲದ ದಪ್ಪ ಹತ್ತಿಪಟ್ಟಿಯನ್ನು ಚಾಪೆಯಂತೆ ಒಂದರೊಳಗೊಂದು ಸೇರಿಸಿ ಹೆಣೆದರೆ ಅದರ ಮೇಲೆ ಬೇಸಿಗೆಯಲ್ಲೂ ಬೆನ್ನಿಗೆ ಗಾಳಿ ಆಡುತ್ತದೆ. ಆದರೆ ಈಗ ಮಂದಿಗೆ ಪ್ಲೈವುಡ್ಡಿನ ಪೆಟ್ಟಿಗೆ ಮಂಚ ಬೇಕು, ಫೋಮಿನ ಗಾದಿ ಬೇಕು. ಶೆಡ್ಡಿನಲ್ಲಿ ಅವನ ಹೆಂಡತಿ ಶಾಂತಾ ಕಾಕು ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಹೆಣೆಯಲು ಕೂತರೆ ಮಧ್ಯಾಹ್ನದೊಳಗೆ ಕೆಲಸ ತೀರಿಹೋಗುತ್ತಿತ್ತು. ಟೈಲ್ಸ್ ವ್ಯಾಪಾರಿಯೊಬ್ಬ ಆ ಶೆಡ್ಡನ್ನು ಗೋದಾಮಿಗೆ ಕೇಳಿದ್ದ.

ಅಷ್ಟರಲ್ಲಿ ಡೆನ್ಮಾರ್ಕಿನ ಕಾರೆನ್ ಸಿಕ್ಕರು. ಕಳೆದ ಚಳಿಗಾಲದಲ್ಲಿ ಗುಮ್ಮಟ ನೋಡಲು ಬಂದು, ಬಿಸಿಲಿಗೆ ಸಾಕಾಗಿ ನಮ್ಮ ಅಂಗಡಿಯ ನವಾರಿನ ಬೆಂಚಿನ ಮೇಲೆ ಕೂತರು. ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ನೆಲಕ್ಕೆ ಅಂಗಾತ ಮಲಗಿ ಬೆಂಚಿನ ಕೆಳಗೆ ತಲೆ ತೂರಿಸಿದರು. ಕಾಕಾ ಗಾಬರಿಯಾಗಿ ನನ್ನನ್ನು ಕೂಗಿದ: "ಪಾರೀ, ನೀರ್ ತಾ ಲಗೂನ, ಬಾಯಾರ ಚಕ್ಕರ್ ಬಂದ್ ಬಿದ್ದಾರ!" ಬಾಯಾರು, ಅಂದರೆ ಮೇಡಂ, ಬಿದ್ದಿರಲಿಲ್ಲ. ಹೆಣಿಗೆಯನ್ನು ಕೆಳಗಿನಿಂದ ನೋಡುತ್ತಿದ್ದರು.

ಕಾರೆನ್ ಕುರ್ಚಿಗಳನ್ನು ರೂಪಿಸುವವರು. ಆಗ ಹೊಸದೊಂದು ಕುರ್ಚಿಯ ಕೆಲಸ ಕೈಗೆತ್ತಿಕೊಂಡಿದ್ದರು: ತಗ್ಗಾದ, ಹಿಂದಕ್ಕೆ ಒರಗಿ ಕೂರುವ, ಪುಸ್ತಕ ಹಿಡಿದು ಮಧ್ಯಾಹ್ನ ಕಳೆಯುವಂಥ ಕುರ್ಚಿ. ಚೌಕಟ್ಟು ಮರದ್ದು. ಆಸನಕ್ಕೆ ಚರ್ಮವೋ ನವಾರೋ ತೀರ್ಮಾನವಾಗಿರಲಿಲ್ಲ. ಸೆಪ್ಟೆಂಬರ್ 19ಕ್ಕೆ ಕುರ್ಚಿ ತಯಾರಿಸುವ ಕಂಪನಿಯವರು ಬರುತ್ತಾರೆ, ಅಷ್ಟರೊಳಗೆ ಡೆನ್ಮಾರ್ಕಿಗೆ ಬಂದು ಒಂದು ಆಸನ ಹೆಣೆದು ತೋರಿಸಿ, ನವಾರು ಗೆದ್ದರೆ ಹೆಣಿಗೆಯೆಲ್ಲ ತಿಕೋಟಾದಲ್ಲೇ ಆಗಲಿ ಎಂದು ಬರೆದರು. ಕಾಕಾನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಜೊತೆಗೆ ನಾನು.

ಹೊರಡುವಾಗ ಕಾಕು ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ ಹೇಳಿದಳು: "ಆತಂದ್ರ ಶೆಡ್ ನಮ್ದು. ಆಗಲಿಲ್ಲಂದ್ರ ಬಂದ ದಿನಾನ ಕೀಲಿ ಟೈಲ್ಸ್‌ನವನ ಕೈಯಾಗ ಕೊಟ್ಬಿಡು. ನನಗ ದಿನಾ ಬಂದು ಖಾಲಿ ಕುಂದ್ರೋದು ಆಗಂಗಿಲ್ಲ."

ಮುಂಬೈ, ಸೆಪ್ಟೆಂಬರ್ 6, ಶನಿವಾರ

ವಿಮಾನ ನಿಲ್ದಾಣದಲ್ಲಿ ಸಾಲು ನಿಲ್ಲಿಸಲು ಕಂಬಗಳ ನಡುವೆ ಪಟ್ಟಿ ಎಳೆದಿರುತ್ತಾರಲ್ಲ, ಕಾಕಾ ಅದರ ಮುಂದೆ ನಿಂತುಬಿಟ್ಟ. "ಯಪ್ಪಾ! ಇಲ್ಲೂ ನವಾರ ಐತಿ ನೋಡ ಪಾರೀ!" ಎರಡು ಬೆರಳಲ್ಲಿ ತಿಕ್ಕಿ ನೋಡಿದ. "ಪಾಲಿಸ್ಟರ್ ಐತಿ. ಎರಡ ಮಳಿಗಾಲಕ್ಕ ಹರದ ಹೋಕ್ಕೈತಿ." ತುದಿ ಹೇಗೆ ಸಿಕ್ಕಿಸಿದ್ದಾರೆ ಎಂದು ನೋಡಲು ಕೊಂಡಿ ಬಿಚ್ಚಿದ. ಪಟ್ಟಿ ಹಾವಿನಂತೆ ಸುರ್ರನೆ ಕಂಬದೊಳಗೆ ಹೋಯಿತು. ನಮ್ಮ ಹಿಂದಿನ ಸಾಲು ಮತ್ತು ಪಕ್ಕದ ಸಾಲು ಒಂದಾಗಿ, ದುಬೈಗೆ ಹೋಗುವವರೆಲ್ಲ ನಮ್ಮ ಕೌಂಟರಿಗೆ ಬಂದರು. ಕಾವಲುಗಾರ ಓಡಿ ಬಂದ. ಕಾಕಾ ಅವನಿಗೆ ಹಿಂದಿಯಲ್ಲಿ, ಹತ್ತಿಯದು ಹಾಕಿಸಿದರೆ ಒಳ್ಳೆಯದು ಎಂದು ತಿಳಿಹೇಳಿದ.

ಓರ್ಹುಸ್ ಸಮೀಪದ ಊರು, ಸೆಪ್ಟೆಂಬರ್ 7, ಭಾನುವಾರ

ಕಾರೆನ್ ಅವರ ಮನೆ ಓರ್ಹುಸ್ ನಗರದಿಂದ ಅರ್ಧ ಗಂಟೆ ದೂರದ ಸಣ್ಣ ಊರಿನಲ್ಲಿದೆ. ಕೆಳಗೆ ಕಾರ್ಯಾಗಾರ, ಮೇಲೆ ನಮಗೊಂದು ಕೋಣೆ, ಪಕ್ಕದ ಕಟ್ಟಡದಲ್ಲಿ ಕಾರೆನ್ ಮತ್ತು ಅವರ ತಂದೆ ಎರಿಕ್. ಎರಿಕ್‌ಗೆ ಎಂಬತ್ತು ದಾಟಿದೆ. ಹಡಗಿನಲ್ಲಿ ಬಡಗಿಯಾಗಿದ್ದವರು, ಆದ್ದರಿಂದ ಇಂಗ್ಲಿಷ್ ಬರುತ್ತದೆ. ನಮ್ಮ ಕಡಕ್ ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದು, ಇದು ಹಡಗಿನ ಬಿಸ್ಕತ್ತಿಗಿಂತ ಮೇಲು ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ ಎಂದು ಕಾರೆನ್ ವಿವರಿಸಿದರು.

ಸಂಜೆ ಊರು ನೋಡಲು ಹೊರಟೆವು. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ಆದರೂ ಮಂದಿ ಕೆಂಪು ದೀಪ ನೋಡುತ್ತ ನಿಂತಿದ್ದರು. ಹಾರ್ನ್ ಸದ್ದು ನಾನು ಎಣಿಸಿದ್ದು ಒಂದು, ಅದೂ ದೋಣಿಯದು. ಸಮುದ್ರದ ದಂಡೆಯಲ್ಲಿ ಕಾಕಾ ಸ್ವಲ್ಪ ಹೊತ್ತು ನಿಂತು, "ಭೂತನಾಳ ಕೆರಿ ತುಂಬಿದ ವರ್ಷ ಹಿಂಗ ಕಾಣಸ್ತಿತ್ತು" ಎಂದ. ಅವನು ಒಂದು ನೀರಿಗೆ ಕೊಡಬಹುದಾದ ಅತಿ ದೊಡ್ಡ ಮರ್ಯಾದೆ ಅದು.

ಹಿಂದಿರುಗುವಾಗ ಕಾಫಿ ಅಂಗಡಿಯ ಹೊರಗೆ ಒಂದು ತಳ್ಳುಗಾಡಿಯಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಹತ್ತಿರ ಯಾರೂ ಇಲ್ಲ. ಕೂಸುಗಳನ್ನು ತಂಪು ಗಾಳಿಯಲ್ಲಿ ಹೊರಗೆ ಮಲಗಿಸುವುದು ಇಲ್ಲಿನ ರೂಢಿ ಎಂದು ನಾನು ಓದಿದ್ದೆ. ಕಾಕಾನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. "ಹೆತ್ತಾಕಿ ಬರೂಮಟಾ ನಾ ಇಲ್ಲಿಂದ ಕದಲಂಗಿಲ್ಲ" ಎಂದು ಕೈಕಟ್ಟಿ ಕಾವಲು ನಿಂತ. ತಾಯಿ ಕಾಫಿ ಮುಗಿಸಿ, ಗೆಳತಿಯೊಡನೆ ಮಾತು ಮುಗಿಸಿ, ಆರಾಮಾಗಿ ಹೊರಗೆ ಬಂದಳು. ಕಾಕಾನನ್ನು ನೋಡಿ ಮಕ್ಕಳೆಂದರೆ ಬಹಳ ಪ್ರೀತಿ ಇರುವ ಮನುಷ್ಯ ಎಂದುಕೊಂಡು ಕೈಕುಲುಕಿದಳು. ಕಾಕಾ ನಗಲಿಲ್ಲ. "ಇನ್ನೊಮ್ಮಿ ಹಿಂಗ ಬಿಡಬ್ಯಾಡ ಅಂತ ಹೇಳ ಅಕೀಗಿ" ಎಂದ. ನಾನು ಹೇಳಿದ್ದು, ಕೂಸು ಚಂದವಿದೆ ಎಂದು.

ಕಾರ್ಯಾಗಾರ, ಸೆಪ್ಟೆಂಬರ್ 8, ಸೋಮವಾರ

ಕುರ್ಚಿ ರೂಪಿಸುವವರು ಮೊದಲು ಕಾಗದದ ಮೇಲೆ ಚಿತ್ರ ಬಿಡಿಸುತ್ತಾರೆ ಎಂದು ನಾನು ತಿಳಿದಿದ್ದೆ. ಕಾರೆನ್ ಅವರ ಗೋಡೆಯ ಮೇಲೆ ಒಂದು ಚಿತ್ರವೂ ಇರಲಿಲ್ಲ. ಕಾರ್ಯಾಗಾರದ ನಡುವೆ ಒಂದು ವಿಚಿತ್ರ ವಸ್ತು ಇತ್ತು: ಒರಟು ಪ್ಲೈವುಡ್ಡಿನ ತುಂಡುಗಳು, ರಟ್ಟು, ತೂತು ತೂತಾದ ಪಟ್ಟಿಗಳು, ಆ ತೂತುಗಳಲ್ಲಿ ಗೂಟಗಳು. ಗೂಟ ಬದಲಿಸಿದರೆ ಆಸನ ಏರುತ್ತದೆ, ಬೆನ್ನು ಒರಗುತ್ತದೆ, ಕೈ ಇಡುವ ಹಲಗೆ ತಗ್ಗುತ್ತದೆ. ತಿಂಗಳುಗಟ್ಟಲೆ ಊರಿನವರನ್ನು ಅದರಲ್ಲಿ ಕೂರಿಸಿ ಕೂರಿಸಿ ಗೂಟ ಬದಲಿಸಿದ್ದರಂತೆ.

ನನ್ನನ್ನೂ ಕೂರಿಸಿದರು. ಕೈಗೆ ಪುಸ್ತಕ ಕೊಟ್ಟು, ತಾವು ನೆಲದ ಮೇಲೆ ಕೂತು ನನ್ನ ಹಿಮ್ಮಡಿಗಳನ್ನು ನೋಡತೊಡಗಿದರು. ಸ್ವಲ್ಪ ಹೊತ್ತಿಗೆ, ಚೆನ್ನಾಗಿದೆ ಎಂದೆ.

"ಈಗ ನೀವು ಕುಳಿತಿಲ್ಲ. ಅತಿಥಿಯಾಗಿದ್ದೀರಿ" ಎಂದರು ಕಾರೆನ್. "ನಿಮ್ಮನ್ನು ನೀವು ಮರೆತ ಮೇಲೆ ಕುಳಿತುಕೊಳ್ಳುವುದು ಶುರುವಾಗುತ್ತದೆ. ಆಗ ಹೇಳಿ."

ನಾನು ಓದುತ್ತ ಹೋದೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ನನಗೇ ಗೊತ್ತಿಲ್ಲದೆ ಚಪ್ಪಲಿ ಕಳಚಿ ಒಂದು ಕಾಲನ್ನು ಮಡಚಿ ಮೇಲಿಟ್ಟುಕೊಂಡಿದ್ದೆ. ನಾಚಿಕೆಯಿಂದ ಇಳಿಸಹೋದೆ. "ಇಳಿಸಬೇಡಿ" ಎಂದು ಅವರು ಆಸನದ ಅಗಲ ಅಳೆದುಕೊಂಡರು. ಡೆನ್ಮಾರ್ಕಿನವರೂ ಯಾರೂ ನೋಡದಿದ್ದಾಗ ಹೀಗೇ ಕೂರುತ್ತಾರಂತೆ, ಒಪ್ಪಿಕೊಳ್ಳುವುದಿಲ್ಲವಂತೆ.

ಆಮೇಲೆ ಏಳಲು ಹೇಳಿದರು. ಏಳುವಾಗ ನನ್ನ ಕೈ ಎಲ್ಲಿಗೆ ಹೋಯಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದರು. ಅಲ್ಲಿ ಆಗಲೇ ಎಷ್ಟೋ ಬಣ್ಣದ ಗುರುತುಗಳಿದ್ದವು. "ಒರಗಿಸುವುದು ಸುಲಭ. ಏಳಲು ಬಿಡದ ಕುರ್ಚಿ ಬೋನು" ಎಂದರು. ದಿನಕ್ಕೊಮ್ಮೆ ಕುರ್ಚಿಯಿಂದ ಏನಾದರೊಂದನ್ನು ತೆಗೆದು ನೋಡುವುದೂ ಅವರ ಪದ್ಧತಿ. ಒಂದು ಅಡ್ಡಪಟ್ಟಿ, ಒಂದು ಸ್ಕ್ರೂ, ಒಂದು ದುಂಡಗಿನ ಅಂಚು. ತೆಗೆದದ್ದು ಯಾರ ಗಮನಕ್ಕೂ ಬರದಿದ್ದರೆ ಅದು ವಾಪಸು ಬರುವುದಿಲ್ಲ. ನಮ್ಮ ವಿಜಯಪುರದ ಮದುವೆ ಸೋಫಾಗಳು ನೆನಪಾದವು. ನಾವು ದಿನಕ್ಕೊಂದು ನವಿಲು ಸೇರಿಸುತ್ತೇವೆ.

ಸೆಪ್ಟೆಂಬರ್ 9ರಿಂದ 14

ಎರಡು ದಿನ ಕಾಕಾ ಹೆಣೆದ. ಹೊರಸಿನಲ್ಲಿ ಕಾಲ ಕಡೆಗೆ ಒಂದು ಗೇಣು ಖಾಲಿ ಬಿಟ್ಟು, ಅಲ್ಲಿ ನವಾರಿನ ತುದಿಯನ್ನು ಚೌಕಟ್ಟಿಗೆ ಹಗ್ಗದಿಂದ ಜಗ್ಗಿ ಕಟ್ಟುತ್ತಾರೆ. ಇಲ್ಲೂ ಹಾಗೇ ಮಾಡಿದ. ಹಗ್ಗ ಕಣ್ಣಿಗೆ ಬೀಳದಿರಲಿ ಎಂದು ಕಾರೆನ್ ಅದನ್ನು ಆಸನದ ಅಡಿಗೆ ಸೇರಿಸಿದರು. ಬೂದಿಬಣ್ಣದ ಮರಕ್ಕೆ ಬಿಳಿ ನವಾರು ಎಷ್ಟು ಒಪ್ಪಿತೆಂದರೆ, ಕಾರ್ಯಾಗಾರದ ಕೆಲಸಗಾರರು ಸುತ್ತ ನಿಂತು ಒಂದು ಮಾತೂ ಆಡಲಿಲ್ಲ. ಅವರ ಊರಲ್ಲಿ ಚಪ್ಪಾಳೆ ಎಂದರೆ ಅದೇ.

ಪಕ್ಕದಲ್ಲಿ ಅದೇ ಚೌಕಟ್ಟಿಗೆ ಚರ್ಮ ಹಾಕಿದ ಇನ್ನೊಂದು ಕುರ್ಚಿ ಇಟ್ಟರು. ಗುರುವಾರದಿಂದ ಪರೀಕ್ಷೆ. ಕೆಲಸಗಾರರು, ಅಂಚೆ ತರುವ ಹೆಂಗಸು, ನೆರೆಯವರು, ನಾವು, ಎಲ್ಲರೂ ಸರದಿಯಂತೆ ಎರಡರಲ್ಲೂ ಕೂರಬೇಕು. ಬೆಳಗ್ಗೆ ಬೇಗ ಬಂದು ಪತ್ರಿಕೆ ಓದುತ್ತ ಕೂರುವ ಕೆಲಸ ಎರಿಕ್ ಅವರದು. ಪ್ರತಿ ಸಂಜೆ ಕೈಹಲಗೆಗಳ ನಡುವೆ ದಾರ ಎಳೆದು, ದಾರದಿಂದ ಆಸನದವರೆಗೆ ಅಳೆದು, ಎಷ್ಟು ಜೋತಿದೆ ಎಂದು ನೋಡುತ್ತಾರೆ. ಅಂಕಿಗಳನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆಯುವ ಕೆಲಸ ನನಗೆ ಕೊಟ್ಟರು. ನನಗೆ ಅದಕ್ಕಿಂತ ಸಂತೋಷದ ಕೆಲಸ ಬೇರೆ ಇರಲಿಲ್ಲ.

ಚರ್ಮ ದಿನಕ್ಕೆ ಕೂದಲೆಳೆಯಷ್ಟು ಹಿಗ್ಗುತ್ತಿತ್ತು. ನವಾರು ಮಾತ್ರ ಇದ್ದಲ್ಲೇ ಇತ್ತು. ಗುರುವಾರ, ಶುಕ್ರವಾರ, ಶನಿವಾರ, ಅದೇ ಅಂಕಿ. ಭಾನುವಾರ ಸಂಜೆ ಕಾರೆನ್ ದಾರವನ್ನು ಎರಡೆರಡು ಸಲ ಎಳೆದು ನೋಡಿದರು. ನಾನು ರಾತ್ರಿ ಕಾಕುವಿಗೆ ಫೋನ್ ಮಾಡಿ, ಕೀಲಿ ಕೊಡಬೇಡ ಎಂದೆ.

ಸೆಪ್ಟೆಂಬರ್ 15, ಸೋಮವಾರ

ಬೆಳಗಿನ ಕಾಫಿ. ಮೇಜಿನ ಮೇಲೆ ಹಾಡುಹಗಲೇ ಮೇಣದಬತ್ತಿ ಹಚ್ಚಿದ್ದರು, ಅದೂ ಇಲ್ಲಿನ ರೂಢಿ. ಕಾರೆನ್ ಕೇಳಿದರು: "ಹತ್ತಿ ಹಿಗ್ಗಲೇಬೇಕು. ನಿಮ್ಮ ಕಾಕಾ ಏನು ಮಾಡಿದ್ದಾರೆ ಅದಕ್ಕೆ? ನೀರಲ್ಲಿ ನೆನೆಸಿದರೇ? ಗಂಜಿ ಹಾಕಿದರೇ?"

ನಾನು ಕನ್ನಡದಲ್ಲಿ ಕೇಳಿದೆ. ಕಾಕಾ ಬ್ರೆಡ್ಡಿನ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸುತ್ತ, ಇದೇನು ಕೇಳುವ ಮಾತೇ ಎಂಬಂತೆ ಹೇಳಿದ: "ಏನಿಲ್ಲವಾ. ದಿನಾ ಮುಂಜಾನೆ ಎದ್ದ ಕೂಡ್ಲೆ ಹೋಗಿ ಬಿಗೀತೀನಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಅರ್ಧ ಹೇಳಿ ಮುಗಿಸಿದ ಮೇಲೆ ನನಗೆ ಅದರ ಅರ್ಥ ಹೊಳೆಯಿತು. ಉಳಿದರ್ಧವನ್ನು ನುಂಗುವಂತಿರಲಿಲ್ಲ.

ಕಾರೆನ್ ಬಟ್ಟಲು ಕೆಳಗಿಟ್ಟರು. ಎದ್ದು ಹೋಗಿ ಗೋಡೆಯ ಮೇಲಿನ ನನ್ನ ಅಂಕಿಗಳನ್ನೆಲ್ಲ ತಮ್ಮ ತೋಳಿನಿಂದ ಒರೆಸಿದರು. ಸಿಟ್ಟಿನಿಂದಲ್ಲ, ನಿಧಾನವಾಗಿ, ಚೆನ್ನಾಗಿ ಒರೆಸಿದರು.

"ಯಾಕ? ಏನಾತ ಪಾರೀ?" ಎಂದ ಕಾಕಾ.

"ಕಾಕಾ, ಅದು ಎಷ್ಟ್ ಜೋತು ಬೀಳತೈತಿ ಅಂತ ನೋಡಾಕ ಇಟ್ಟಿದ್ರು. ನೀ ದಿನಾ ಬಿಗದ್ರ ಹೆಂಗ ತಿಳೀಬೇಕು?"

"ಜೋತ ಬಿದ್ದದ್ದು ನೋಡಿ ಸುಮ್ಮ ಕುಂದ್ರಬೇಕೇನು? ಮನಿಗಿ ಬಂದವ್ರಿಗಿ ಸಡ್ಲ ಹೊರಸು ಹಾಕ್ತಾರೇನ ಯಾರರ? ನಮ್ಮವ್ವ ಕಸಾ ಹೊಡದು ಹೊರಸು ಬಿಗದ ಮ್ಯಾಲ ಚಹಾಕ್ಕ ಇಡತಿದ್ಲು. ಮಾರಿ ತೊಳಕೊಳ್ಳೋದು ಮೋಸ ಏನ? ಹಂಗ ಇದು!"

ಇದನ್ನು ಆದಷ್ಟು ಹಾಗೆಯೇ ಕಾರೆನ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಅವರದು ತಪ್ಪಲ್ಲ, ನಾನು ಕೇಳಿರಲಿಲ್ಲ" ಎಂದರು. "ಆದರೆ ಈ ಕುರ್ಚಿ ಕೊಂಡವರ ಮನೆಗೆ ದಿನಾ ಬೆಳಗ್ಗೆ ನಿಮ್ಮ ಕಾಕಾ ಬರುವುದಿಲ್ಲ. ಇಲ್ಲಿನ ಜನ ಕುರ್ಚಿಯನ್ನು ಒಮ್ಮೆ ಇಟ್ಟರೆ ಮೂವತ್ತು ವರ್ಷ ಮುಟ್ಟುವುದಿಲ್ಲ. ಇನ್ನು ಶುಕ್ರವಾರದವರೆಗೆ ಅದನ್ನು ಮುಟ್ಟಬಾರದೆಂದು ಹೇಳಿ."

ಸೆಪ್ಟೆಂಬರ್ 16 ಮತ್ತು 17

ಆ ಎರಡು ದಿನ ಕಾಕಾ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡಿದ. ಮಂಗಳವಾರ ಸಂಜೆ ಆಸನ ಆರು ಮಿಲಿಮೀಟರ್ ಇಳಿದಿತ್ತು. ಬುಧವಾರ ಇನ್ನೂ ಐದು. ಎರಡೂ ದಿನ ಅಂಕಿ ಬರೆಯುವಾಗ ಅವನು ಕಿಟಕಿಯ ಕಡೆ ತಿರುಗಿ ನಿಂತ. ಬುಧವಾರ ಮಧ್ಯಾಹ್ನ ಕಾರೆನ್ ಹೊರದೇಶದ ಚರ್ಮದ ವ್ಯಾಪಾರಿಗೆ ಫೋನ್ ಮಾಡಿ, ಎಷ್ಟು ಚರ್ಮ ಬೇಕಾಗಬಹುದು ಎಂದು ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಕೇಳಿಸಿತು. ಕಾಕಾನಿಗೆ ಭಾಷೆ ತಿಳಿಯದು. ಆದರೂ ಫೋನ್ ಇಟ್ಟ ಕೂಡಲೇ ಕೇಳಿದ: "ತೊಗಲಿನವಂಗ ಫೋನ್ ಹಚ್ಚಿದ್ರಲ್ಲ?"

"ಹೂಂ."

"ಹೋಗ್ಲಿ ಬಿಡ." ಸಮುದ್ರದ ಕಡೆ ನಡೆದ. ನಾನೂ ಹಿಂದೆ ಹೋದೆ. ಈ ಸಲ ಅವನು ಭೂತನಾಳದ ಮಾತು ತೆಗೆಯಲಿಲ್ಲ. "ಟೈಲ್ಸ್‌ನವಾ ಶೆಡ್ಡಿನ ಬಾಗಲಾ ದೊಡ್ಡದು ಮಾಡಸ್ತೇನಿ ಅಂದಾನ. ಗ್ವಾಡಿ ಒಡೀಬೇಕಾಕ್ಕೈತಿ" ಎಂದಷ್ಟೇ ಅಂದ.

ಸೆಪ್ಟೆಂಬರ್ 18, ಗುರುವಾರ

ಕಂಪನಿಯವರು ಬರುವ ಮುಂಚಿನ ದಿನವೆಂದು ಕಾರೆನ್ ಬೆಳಗ್ಗೆಯೇ ದಾರ ಎಳೆದರು. ಅಳೆದರು. ಮತ್ತೆ ಅಳೆದರು. ಆಸನ ಮೊದಲಿನ ಎತ್ತರಕ್ಕೆ ವಾಪಸು ಬಂದಿತ್ತು.

ಅವರು ಕಾಕಾನ ಕಡೆ ನೋಡಿದರು. ನಾನೂ ನೋಡಿದೆ. ಆ ನೋಟಕ್ಕೆ ಅನುವಾದ ಬೇಕಿರಲಿಲ್ಲ.

"ಸಿದ್ಧೇಶ್ವರನಾಣಿ, ನಾ ಮುಟ್ಟಿಲ್ಲ!" ಕಾಕಾ ಎರಡೂ ಕೈ ಮೇಲೆತ್ತಿದ. "ಪಾರೀ, ನೀನೂ ನನ್ನ ಹಂಗ ನೋಡ್ತೀಯೇನ?"

ಬಾಗಿಲ ಹತ್ತಿರ ಪತ್ರಿಕೆ ಮಡಚಿದ ಸದ್ದಾಯಿತು. "ನಾನು ಬಿಗಿದೆ" ಎಂದರು ಎರಿಕ್.

"ಅಪ್ಪಾ! ಮುಟ್ಟಬಾರದು ಎಂದು ಹೇಳಿರಲಿಲ್ಲವೇ?"

"ನೀನು ಅವರಿಗೆ ಹೇಳಿದ್ದೆ. ನನಗೆ ಹೇಳಿರಲಿಲ್ಲ." ಎರಿಕ್‌ಗೆ ಪಶ್ಚಾತ್ತಾಪವೇನೂ ಇದ್ದಂತೆ ಕಾಣಲಿಲ್ಲ. "ತಗ್ಗಿಗೆ ಇಳಿದಂತೆ ಆಗುತ್ತಿತ್ತು. ಪತ್ರಿಕೆ ಓದಲು ಬರುತ್ತಿರಲಿಲ್ಲ. ಕೆಳಗೆ ಕೈ ಹಾಕಿ ಹಗ್ಗ ಜಗ್ಗಿದೆ, ಸರಿಹೋಯಿತು. ಮೊದಲ ದಿನಗಳಲ್ಲಿ ಅವರು ಮಾಡುವುದನ್ನು ನೋಡಿದ್ದೆ. ನೀನೇ ಮಾಡಿಸುತ್ತಿದ್ದೀಯೆ ಎಂದುಕೊಂಡಿದ್ದೆ."

ಕಾರೆನ್ ತಂದೆಯನ್ನು ಕೇಳಿದರು: "ನಿಮ್ಮ ಕೋಣೆಯಲ್ಲಿ ಒಂದು ಕುರ್ಚಿ ಇದೆ. ಅದರ ಆಸನ ಕುಸಿದು ಎಷ್ಟು ವರ್ಷವಾಯಿತು. ಅದನ್ನೇಕೆ ಒಂದು ದಿನವೂ ಸರಿ ಮಾಡಲಿಲ್ಲ?"

"ಅದರಲ್ಲಿ ಎಲ್ಲಿ ಜಗ್ಗಬೇಕೋ ನನಗೆ ಗೊತ್ತಿಲ್ಲ" ಎಂದರು ಎರಿಕ್. "ಇದರಲ್ಲಿ ಗೊತ್ತು."

ಇದನ್ನು ನಾನು ಕಾಕಾನಿಗೆ ಹೇಳುವಷ್ಟರಲ್ಲಿ ಕಾರೆನ್ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡು, ಕುರ್ಚಿಯನ್ನು ಬೋರಲು ಹಾಕಿದ್ದರು. ತಾವೇ ಅಡಗಿಸಿಟ್ಟಿದ್ದ ಹಗ್ಗವನ್ನು ಬಿಚ್ಚತೊಡಗಿದ್ದರು. ಇಡೀ ದಿನ ಕಾರೆನ್, ಕಾಕಾ, ಎರಿಕ್ ಮೂವರೂ ಸೇರಿ ಅದನ್ನು ಆಸನದ ಅಡಿಯಿಂದ ಬೆನ್ನ ಹಿಂದಕ್ಕೆ ತಂದರು, ನಿಂತವರ ಕೈಗೆ ಸಿಗುವಂತೆ, ಎಲ್ಲರ ಕಣ್ಣಿಗೂ ಬೀಳುವಂತೆ. ಕಾರೆನ್ ಪದ್ಧತಿ ಬಿಡಲಿಲ್ಲ. ಅಂಚೆಯ ಹೆಂಗಸನ್ನು ಕರೆದು, ಏನೂ ಹೇಳದೆ ಸಡಿಲ ಕುರ್ಚಿಯಲ್ಲಿ ಕೂರಿಸಿದರು. ಅವಳು ಎದ್ದು ಸುತ್ತ ನೋಡಿ ಗಂಟಿನ ಬಳಿ ಕೈ ಒಯ್ದು, ಹಿಂಜರಿದಳು. ಗಂಟನ್ನು ಎರಡು ಬೆರಳು ಮೇಲಕ್ಕೆ ಸರಿಸಿದರು. ನೆರೆಯಾತ ಹಿಂಜರಿದ, ಹಗ್ಗದ ತುದಿಯನ್ನು ಇನ್ನಷ್ಟು ಉದ್ದ ಬಿಟ್ಟರು. ಸಂಜೆಯ ಹೊತ್ತಿಗೆ ಕೂತವರು ಎದ್ದು, ಯಾರನ್ನೂ ಕೇಳದೆ, ಜಗ್ಗಿ, ಮತ್ತೆ ಕೂರುತ್ತಿದ್ದರು. ಒಂದು ವಸ್ತು ತನ್ನನ್ನು ತಾನೇ ವಿವರಿಸುವವರೆಗೆ ಬಿಡದೆ ಬೆನ್ನು ಹತ್ತುವ ಆ ತಾಳ್ಮೆಯನ್ನು ನಾನು ಎಲ್ಲೂ ಕಂಡಿರಲಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಕಂಪನಿಯಿಂದ ಇಬ್ಬರು ಬಂದರು. ಕೂತರು, ಎದ್ದರು, ಜಗ್ಗಿದರು, ಕೂತರು. ಎರಡನೆಯವರು ಮೊದಲನೆಯವರನ್ನು ಏಳಿಸಿ ಮತ್ತೊಮ್ಮೆ ಜಗ್ಗಿದರು. ನವಾರಿಗೆ ಒಪ್ಪಿಗೆಯಾಯಿತು.

ಅವರು ಹೋದ ಮೇಲೆ ಕಾರೆನ್ ಒಂದು ಷರತ್ತು ಹೇಳಿದರು. ತಿಕೋಟಾದಿಂದ ಬರುವ ಪ್ರತಿ ಕುರ್ಚಿಯೂ ಸಡಿಲವಾಗಿಯೇ ಬರಬೇಕು. ಬಿಗಿಯಾಗಿ ಬಂದರೆ ಕೊಂಡವರು ವರ್ಷವಿಡೀ ಹಗ್ಗ ಮುಟ್ಟುವುದಿಲ್ಲ, ಆಮೇಲೆ ಜೋತುಬಿತ್ತು ಎಂದು ದೂರುತ್ತಾರೆ. ಸಡಿಲವಾಗಿ ಬಂದರೆ ಮೊದಲ ದಿನವೇ ತಾವೇ ಬಿಗಿಯುತ್ತಾರೆ. ಅಂದಿನಿಂದ ಅದು ಅವರ ಕುರ್ಚಿ.

ಒಪ್ಪಿಗೆಯಾಯಿತು ಎಂದಾಗ ನಕ್ಕಿದ್ದ ಕಾಕಾನ ಮುಖ ಇದನ್ನು ಕೇಳಿ ಬಿದ್ದುಹೋಯಿತು. "ಸಡ್ಲ ಕಳಿಸೋದಾ? ಪಾರೀ, ಸರಿಯಾಗಿ ಕೇಳಿದೀಯಿಲ್ಲೋ?"

ಸರಿಯಾಗಿಯೇ ಕೇಳಿದ್ದೆ.

ತಿಕೋಟಾ, ನವೆಂಬರ್ 24, ಸೋಮವಾರ

ಮೊದಲ ಚೌಕಟ್ಟುಗಳು ಹೋದ ವಾರ ಬಂದವು. ಶೆಡ್ಡಿನ ಬಾಗಿಲು ಹಳೆಯ ಅಳತೆಯಲ್ಲೇ ಇದೆ. ಒಳಗೆ ಕಾಕು, ಅವಳ ಇಬ್ಬರು ಹಳೆಯ ಜೊತೆಗಾರ್ತಿಯರು, ಮತ್ತು ಇಟ್ಟಂಗಿಹಾಳದಿಂದ ಹೊಸದಾಗಿ ಬರುವ ಇಬ್ಬರು ಸಂಜೆಯವರೆಗೆ ಹೆಣೆಯುತ್ತಾರೆ. ಇಂದು ಮೊದಲ ಕುರ್ಚಿ ಪೆಟ್ಟಿಗೆ ಸೇರಬೇಕಿತ್ತು. ಹೆಣಿಗೆ ಮುಗಿದಿತ್ತು. ಹಗ್ಗ ಮೂರು ಬೆರಳು ಸಡಿಲ ಬಿಟ್ಟಾಗಿತ್ತು. ಕಾಕಾ ಅದರ ಸುತ್ತ ತಿರುಗುತ್ತಲೇ ಇದ್ದ.

"ಒಂದ ಎಳಿ ಜಗ್ಗತೇನಿ, ಒಂದ" ಎಂದ.

"ಕೈ ತಗೀ!" ಕಾಕು ಕೂತಲ್ಲಿಂದಲೇ ಗದರಿದಳು. "ಮಾತ ಕೊಟ್ಟ ಬಂದೀದಿ."

"ಮೊದಲ್ನೇ ಕುರ್ಚಿನ ಹಿಂಗ ಜೋಲಿ ಹೊಡಕೋತ ಹೋದ್ರ, ಬಿಜಾಪುರದವ್ರಿಗಿ ಬಿಗಿಯಾಕ ಬರಂಗಿಲ್ಲ ಅಂತಾರಲ್ಲೇ ಅವ್ರು."

"ಅನ್ಲಿ. ಅಂದು ಎದ್ದು ಬಿಗೀತಾರ. ಬಾಯಾರಿಗಿ ಬೇಕಾಗಿದ್ದ ಅದು."

ಕಾಕಾ ಸಡಿಲ ಕುರ್ಚಿಯನ್ನು ಹಾಗೇ ಎತ್ತಿ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದ. ಮೇಲೆ ಸುತ್ತುವ ಹಗ್ಗ ತೆಗೆದುಕೊಂಡು, ಒಂದು ಕಾಲನ್ನು ಪೆಟ್ಟಿಗೆಗೆ ಒತ್ತು ಕೊಟ್ಟು, ಮೈಯೆಲ್ಲ ಹಿಂದಕ್ಕೆ ವಾಲಿ ಜಗ್ಗಿದ. ರಟ್ಟಿನ ಮೂಲೆಗಳು ಒಳಕ್ಕೆ ಕುಸಿದವು. ಇನ್ನೊಂದು ಸುತ್ತು ಹಾಕಿ ಮತ್ತೆ ಜಗ್ಗಿದ. ಗಂಟು ಹಾಕಿ, ಬೆರಳಿನಿಂದ ಹಗ್ಗವನ್ನು ಮೀಟಿ ನೋಡಿದ. ಅದು ಠಣ್ಣೆಂದಿತು.

"ಪೆಟಿಗಿ ಸಡ್ಲ ಇರ್ಲಿ ಅಂತೇನ ಅವ್ರ ಹೇಳಿಲ್ಲಲ್ಲ?" ಎಂದ.